ದ್ರಾಕ್ಷಿತೋಟದ ಪ್ರವಾಸ: ಅಕಲೂಜನ್ನೂ ನೆನೆಯೋಣ

ಮಾನ್ಯ ಸಂಪಾದಕರೇ,

ವಾರಾಂತ್ಯದ ವೈನ್ ಪ್ರವಾಸವೆಂದರೆ ನಮ್ಮ ಪತ್ರಿಕೆಗಳಿಗೆ ಥಟ್ಟನೆ ನೆನಪಾಗುವುದು ನಾಸಿಕ್ ಇಲ್ಲವೇ ನಂದಿಬೆಟ್ಟದ ತಪ್ಪಲು. ಅಕ್ಕಲಕೋಟೆ, ದಕ್ಷಿಣ ಸೋಲಾಪುರದ ಕನ್ನಡಿಗರಿಗೆ ಇವೆರಡೂ ದೂರ. ಆದರೆ ನಮ್ಮದೇ ಜಿಲ್ಲೆಯ ಮಾಳಶಿರಸ ತಾಲೂಕಿನಲ್ಲಿ, ನೀರಾ ನದಿಯ ದಡದ ಅಕಲೂಜಿನ ಆಸುಪಾಸಿನಲ್ಲಿ, ಇಟಲಿಯ ಟಸ್ಕನಿಗೆ ಹೆಸರು ತಂದ ಸ್ಯಾಂಜೊವೇಸೆ ತಳಿಯ ದ್ರಾಕ್ಷಿಯನ್ನು ಬೆಳೆದು ವೈನ್ ತಯಾರಿಸುವ ತೋಟಗಳಿವೆ ಎಂಬುದು ಇಲ್ಲಿನ ಅನೇಕರಿಗೇ ತಿಳಿದಿಲ್ಲ.

ಪಂಢರಪುರದ ದಾರಿಯಾಗಿ ಹೋಗುವುದರಿಂದ ವಿಠ್ಠಲನ ದರ್ಶನವನ್ನೂ ಮುಗಿಸಿಕೊಳ್ಳಬಹುದು. ಎರಡನ್ನೂ ಒಂದೇ ಪ್ರವಾಸದಲ್ಲಿ ಸೇರಿಸುವುದು ಸರಿಯೇ ಎಂಬುದನ್ನು ಮನೆಯ ಹಿರಿಯರೇ ನಿರ್ಧರಿಸಲಿ. ಏಪ್ರಿಲ್ ಮತ್ತು ಅಕ್ಟೋಬರ್ ಸುಮಾರಿಗೆ ಎರಡು ಬಾರಿ ಚಾಟನಿ (ಕೊಂಬೆ ಸವರುವಿಕೆ) ಮಾಡಿಸಿಕೊಳ್ಳುವ ಬಳ್ಳಿ ಫಸಲು ಕೊಡುವುದು ಜನವರಿಯಿಂದ ಮಾರ್ಚ್‌ವರೆಗೆ. ಗೊನೆ ಕೊಯ್ಯುವುದನ್ನೂ ರಸ ಹುದುಗುವುದನ್ನೂ ನೋಡಬೇಕೆನ್ನುವವರು ಆಗಲೇ ಹೋಗಬೇಕು, ಬೇಸಿಗೆಯ ರಜೆಗೆ ಹೋದರೆ ಕಾಣುವುದು ಬಿಸಿಲೊಂದೇ. ಮಕ್ಕಳಿಗೂ ಮದ್ಯ ಮುಟ್ಟದವರಿಗೂ ತೋಟ ಸುತ್ತುವುದೇ ಸಾಕಷ್ಟು ಸೊಗಸು. ರುಚಿ ನೋಡುವವರು ಮಾತ್ರ ಅಂದೇ ಗಾಡಿ ಓಡಿಸಿಕೊಂಡು ಮರಳದೆ ರಾತ್ರಿ ಅಲ್ಲೇ ತಂಗಲಿ, ಏಕೆಂದರೆ ಕಬ್ಬಿನ ಹಂಗಾಮಿನಲ್ಲಿ ಆ ರಸ್ತೆಗಳ ತುಂಬ ಹಿಂದೀಪವಿಲ್ಲದ ಟ್ರ್ಯಾಕ್ಟರುಗಳೇ.

ಇಂಥ ತೋಟಗಳಲ್ಲಿ ಮರಾಠಿ, ಇಂಗ್ಲಿಷಿನ ಜೊತೆಗೆ ಕನ್ನಡದ ವಿವರಣೆಯೂ ದೊರೆತರೆ ವಿಜಯಪುರ, ಕಲಬುರಗಿಯ ದ್ರಾಕ್ಷಿ ಬೆಳೆಗಾರರೂ ಬಂದು ನೋಡಿಯಾರು. ತಮ್ಮ ಪ್ರವಾಸ ಪುಟದಲ್ಲಿ ಈ ಊರಿಗೂ ಒಂದಿಷ್ಟು ಜಾಗ ಕೊಡಬೇಕೆಂದು ವಿನಂತಿ.

– ಓದುಗ, ಅಕ್ಕಲಕೋಟೆ, ಸೋಲಾಪುರ ಜಿಲ್ಲೆ