ಐದು ಗಂಟೆಯ ಮತ್ಸ್ಯಾಲಯ ವೀಕ್ಷಣೆಯನ್ನು ಐವತ್ತು ನಿಮಿಷಕ್ಕೆ ಇಳಿಸಿದ ಬಗ್ಗೆ ದೂರು

ಗೆ,
ವ್ಯವಸ್ಥಾಪಕರು,
ಪ್ರವಾಸ ಏರ್ಪಾಡು ಸಂಸ್ಥೆ,
ತುಮಕೂರು.

ವಿಷಯ: ಚೆನ್ನೈ ಪ್ರವಾಸದ ನಾಲ್ಕನೆಯ ದಿನದ ಸೇವಾ ನ್ಯೂನತೆ ಮತ್ತು ಹಣ ಮರುಪಾವತಿ ಕುರಿತು.

ಮಾನ್ಯರೇ,

ತಮ್ಮ ಸಂಸ್ಥೆ ಏರ್ಪಡಿಸಿದ್ದ ವೆಲ್ಲೂರು, ಕಾಂಚೀಪುರ, ಮಹಾಬಲಿಪುರ ಮತ್ತು ಚೆನ್ನೈಗಳ ನಾಲ್ಕು ದಿನಗಳ ಪ್ರವಾಸಕ್ಕೆ ನಾನು ಮತ್ತು ನನ್ನ ಪತ್ನಿ ತಲಾ 9,800 ರೂಪಾಯಿಯಂತೆ ಒಟ್ಟು 19,600 ರೂಪಾಯಿ ಕಟ್ಟಿ ಕಳೆದ ತಿಂಗಳು ಹೋಗಿಬಂದೆವು. ಮೊದಲ ಮೂರು ದಿನಗಳ ಬಗ್ಗೆ ನಮ್ಮ ತಕರಾರೇನೂ ಇಲ್ಲ. ಮಹಾಬಲಿಪುರದ ವಸತಿಗೃಹದಲ್ಲಿ ಬಿಸಿನೀರು ಬಾರದಿದ್ದುದನ್ನು ನಾನು ದೂರಿನ ಲೆಕ್ಕಕ್ಕೆ ಹಿಡಿಯುವುದಿಲ್ಲ. ತಮ್ಮ ಬಸ್ಸಿನ ಚಾಲಕರಂತೂ ಬಹಳ ಜವಾಬ್ದಾರಿಯಿಂದ ನಡೆದುಕೊಂಡರು. ಈ ಪತ್ರ ನಾಲ್ಕನೆಯ ದಿನಕ್ಕೆ ಮಾತ್ರ ಸಂಬಂಧಿಸಿದ್ದು.

ತಮ್ಮ ಕರಪತ್ರದಲ್ಲಿ ಆ ದಿನದ ಕಾರ್ಯಕ್ರಮ ಹೀಗೆ ಅಚ್ಚಾಗಿದೆ: ಬೆಳಿಗ್ಗೆ 10.30ರಿಂದ ಮಧ್ಯಾಹ್ನ 3.30ರವರೆಗೆ ಚೆನ್ನೈ ಹೊರವಲಯದ ಮತ್ಸ್ಯಾಲಯದಲ್ಲಿ ವೀಕ್ಷಣೆ, ಗಾಜಿನ ಸುರಂಗ, ಮೀನುಗಳಿಗೆ ಆಹಾರ ನೀಡುವ ಪ್ರದರ್ಶನ, ದಂಪತಿಗಳಿಗೆ ಉಚಿತ ಭಾವಚಿತ್ರ, ಪ್ರವೇಶ ಶುಲ್ಕ ಸೇರಿದೆ. ಇದೇ ಊರುಗಳನ್ನು 1,200 ರೂಪಾಯಿ ಕಡಿಮೆಗೆ ತೋರಿಸುವವರು ತುಮಕೂರಿನಲ್ಲೇ ಇದ್ದರು. ಅವರ ಪಟ್ಟಿಯಲ್ಲಿ ಮತ್ಸ್ಯಾಲಯ ಇರಲಿಲ್ಲವೆಂಬ ಒಂದೇ ಕಾರಣಕ್ಕೆ ನಾವು ತಮ್ಮ ಕಚೇರಿಯ ಮೆಟ್ಟಿಲು ಹತ್ತಿದ್ದು. ಮುಂಗಡ ಕೊಡುವ ಮೊದಲು ನನ್ನ ಪತ್ನಿ ತಮ್ಮ ಸಿಬ್ಬಂದಿಯನ್ನು ಈ ಐದು ಗಂಟೆ ಖಚಿತವೇ ಎಂದು ಎರಡು ಬಾರಿ ಕೇಳಿದ್ದರು.

ಅವರು ಹಾಗೆ ಕೇಳಿದ್ದಕ್ಕೆ ಕಾರಣವಿದೆ. ಗುಬ್ಬಿ ಮತ್ತು ಶಿರಾ ತಾಲ್ಲೂಕಿನ ಸರ್ಕಾರಿ ಪ್ರೌಢಶಾಲೆಗಳಲ್ಲಿ ಅವರು 31 ವರ್ಷ ಜೀವಶಾಸ್ತ್ರ ಕಲಿಸಿದವರು. ನಮ್ಮದು ಕಡಲಿಲ್ಲದ ಜಿಲ್ಲೆ. ಕೆರೆಯ ಕಾಟ್ಲಾ, ರೋಹುಗಳನ್ನು ಕಂಡ ಮಕ್ಕಳಿಗೆ ಶಾರ್ಕ್ ಮತ್ತು ತೊರಕೆ ಎಂಬ ಚಪ್ಪಟೆ ಕಡಲ ಮೀನುಗಳನ್ನು (ಸ್ಟಿಂಗ್‌ರೇ) ಸೀಮೆಸುಣ್ಣದಲ್ಲಿ ಬರೆದೇ ತೋರಿಸಬೇಕಿತ್ತು. ಬೆಂಗಳೂರಿನ ಕಬ್ಬನ್ ಉದ್ಯಾನದ ಪಕ್ಕದ ಸರ್ಕಾರಿ ಮತ್ಸ್ಯಾಲಯಕ್ಕೆ ನಮ್ಮ ಮಕ್ಕಳನ್ನು ಕರೆದೊಯ್ದದ್ದುಂಟು, ಆದರೆ ತೊರಕೆಯನ್ನು ಅಡಿಯಿಂದ ನೋಡುವ ಅವಕಾಶ ಚೆನ್ನಾಗಿ ಸಿಗುವುದು ಸುರಂಗವಿರುವ ಕಡೆ. ಆ ಮೀನಿನ ಬಾಯಿಯೂ ಐದು ಜೊತೆ ಕಿವಿರು ಸೀಳುಗಳೂ ಇರುವುದು ಅದರ ಹೊಟ್ಟೆಯ ಕಡೆಗೆ. ನೆಲದಲ್ಲಿ ಹುದುಗಿ ಮಲಗಿದಾಗ ಅದು ತಲೆಯ ಮೇಲಿನ ರಂಧ್ರಗಳಿಂದ ನೀರನ್ನು ಎಳೆದುಕೊಂಡು ಕೆಳಗಿನ ಸೀಳುಗಳಿಂದ ಹೊರಬಿಡುತ್ತದೆ. ಕಾಟ್ಲಾ, ರೋಹುಗಳಿಗೆ ಇರುವಂತೆ ಇದಕ್ಕೆ ಕಿವಿರಿನ ಮುಚ್ಚಳವಿಲ್ಲ. ಇಷ್ಟನ್ನು ನೂರಾರು ಸಲ ಪಾಠ ಮಾಡಿದವರು ಅದನ್ನು ಒಮ್ಮೆ ಕಣ್ಣಾರೆ ಕಾಣಬೇಕೆಂದು ಬಯಸಿದರೆ ಅದು ಅತಿಯಾಸೆ ಎಂದು ನನಗೆ ತೋರುವುದಿಲ್ಲ.

ಆ ದಿನ ನಡೆದದ್ದು ಇದು. ಬೆಳಿಗ್ಗೆ ಒಂಬತ್ತಕ್ಕೆ ವಸತಿಗೃಹದಿಂದ ಹೊರಟ ಬಸ್ಸನ್ನು ತಮ್ಮ ಟೂರ್ ಮ್ಯಾನೇಜರ್ ಕರಪತ್ರದಲ್ಲಿ ಎಲ್ಲೂ ಹೆಸರಿಲ್ಲದ ತ್ಯಾಗರಾಯನಗರದ ಒಂದು ರೇಷ್ಮೆ ಸೀರೆ ಅಂಗಡಿಯ ಮುಂದೆ 9.40ಕ್ಕೆ ನಿಲ್ಲಿಸಿದರು. ಹತ್ತೇ ನಿಮಿಷ ಎಂದಿದ್ದ ಆ ನಿಲುಗಡೆ ಮುಗಿದಾಗ 12.15 ಆಗಿತ್ತು. ನಾವಿಬ್ಬರು ಒಂದು ಕರವಸ್ತ್ರವನ್ನೂ ಕೊಳ್ಳದೆ ಅಂಗಡಿಯ ಕುರ್ಚಿಯಲ್ಲಿ ಕುಳಿತು ಮೂರು ಬಾರಿ ಹೊರಡೋಣವೆಂದು ಕೇಳಿಕೊಂಡೆವು. ಪ್ರತಿ ಬಾರಿಯೂ ನಮಗೆ ಕಾಫಿ ಬಂತು, ಬಸ್ಸು ಹೊರಡಲಿಲ್ಲ. ಅಂಗಡಿಯವರಿಗೂ ತಮ್ಮ ಮ್ಯಾನೇಜರಿಗೂ ಇದ್ದ ಸಲುಗೆಯನ್ನು ಕಂಡು ನಾನು ಏನನ್ನು ಊಹಿಸಿದೆನೋ ಅದನ್ನು ಇಲ್ಲಿ ಬರೆಯುವುದಿಲ್ಲ, ಏಕೆಂದರೆ ನನ್ನ ಬಳಿ ಪುರಾವೆಯಿಲ್ಲ. ಬಳಿಕ ಊಟ, ನಗರದ ವಾಹನ ದಟ್ಟಣೆ, ಹೀಗೆ ಮತ್ಸ್ಯಾಲಯ ತಲುಪಿದಾಗ 2.50. ಬಾಗಿಲಲ್ಲಿ, ಪ್ರವೇಶ ಶುಲ್ಕ ಸೇರಿದೆಯೆಂದು ಅಚ್ಚಾಗಿದ್ದರೂ, ಸುರಂಗಕ್ಕೆ ಬೇರೆ ಚೀಟಿ ಬೇಕೆಂದು ಹೇಳಿ ನಮ್ಮಿಂದ ತಲಾ 750 ರೂಪಾಯಿ ಪಡೆದರು. 3.40ಕ್ಕೆ ಸರಿಯಾಗಿ ಬಸ್ಸು ಬಿಡುತ್ತದೆ, ರಾತ್ರಿಯೊಳಗೆ ತುಮಕೂರು ಮುಟ್ಟಬೇಕು ಎಂಬ ಸೂಚನೆಯೂ ಅಲ್ಲೇ ಆಯಿತು. ತಪಾಸಣೆಯ ಸಾಲು ಕಳೆದ ಮೇಲೆ ನಮಗೆ ಒಳಗೆ ಉಳಿದದ್ದು ಮೂವತ್ತೈದು ನಿಮಿಷ. ಆಹಾರ ನೀಡುವ ಪ್ರದರ್ಶನ ಮಧ್ಯಾಹ್ನ 12.30ಕ್ಕೇ ಮುಗಿದಿತ್ತು. ಬೆಳಿಗ್ಗೆಯೇ ಬರಬೇಕಿತ್ತು ಎಂದು ಅಲ್ಲಿನ ಸಿಬ್ಬಂದಿ ಮರುಕದಿಂದಲೇ ಹೇಳಿದರು. ಅವರ ಮೇಲೆ ನಮ್ಮ ದೂರಿಲ್ಲ.

ನನ್ನ ಪತ್ನಿಗೆ ಮಂಡಿನೋವು, ಬೇಗ ನಡೆಯಲಾರರು. ಆದ್ದರಿಂದ ಬೇರೆ ತೊಟ್ಟಿಗಳ ಮುಂದೆ ನಿಲ್ಲದೆ ನೇರವಾಗಿ ಸುರಂಗಕ್ಕೆ ಹೋದೆವು. ಸ್ವಲ್ಪ ಹೊತ್ತು ಕಾದ ಮೇಲೆ ಒಂದು ತೊರಕೆ ನಿಧಾನವಾಗಿ ನಮ್ಮ ತಲೆಯ ಮೇಲೆಯೇ ಬಂದು ಗಾಜಿಗೆ ಮೈಯೊರಗಿಸಿ ಮಲಗಿತು. ಅವರು ಬೆರಳೆತ್ತಿ ಒಂದು ಬದಿಯ ಸೀಳುಗಳನ್ನು ಎಣಿಸತೊಡಗಿದರು. ಒಂದು, ಎರಡು, ಮೂರು ಎನ್ನುವಷ್ಟರಲ್ಲಿ ತಮ್ಮ ಮ್ಯಾನೇಜರ್ ಸುರಂಗದ ಬಾಯಿಯಲ್ಲಿ ಸೀಟಿ ಊದಿ, "ಅಮ್ಮಾ, ಬಸ್ಸು ಹೊರಡುತ್ತೆ, ನೀರಲ್ಲಿ ಮೀನು ತಾನೇ ಇರೋದು, ಎಷ್ಟು ಹೊತ್ತು ನೋಡ್ತೀರಾ" ಎಂದು ಕೂಗಿದರು. ಆಗ ಗಡಿಯಾರದಲ್ಲಿ 3.31. ದಂಪತಿಗಳ ಭಾವಚಿತ್ರದ ವಿಚಾರ ಕೇಳಲು ಹೋಗಲಿಲ್ಲ.

ಊರಿಗೆ ಮರಳಿದ ಮೇಲೆ ತಮ್ಮ ಕಚೇರಿಗೆ ಮೂರು ಬಾರಿ ದೂರವಾಣಿ ಮಾಡಿದೆ. ಟೂರ್ ಎಂದ ಮೇಲೆ ಹೆಚ್ಚುಕಡಿಮೆ ಇದ್ದದ್ದೇ ಎಂಬ ಉತ್ತರವೂ, ರಸೀದಿಯ ಹಿಂಬದಿಯ ಷರತ್ತನ್ನು ಓದಿಕೊಳ್ಳಿ ಎಂಬ ಸಲಹೆಯೂ ಸಿಕ್ಕಿತು. ಓದಿಕೊಂಡೆ. ಅನಿವಾರ್ಯ ಕಾರಣಗಳಿಂದ ವೇಳಾಪಟ್ಟಿ ಬದಲಾದರೆ ಸಂಸ್ಥೆ ಹೊಣೆಯಲ್ಲ ಎಂದು ಅಲ್ಲಿದೆ. ಮಳೆ ಬಂದಿದ್ದರೆ, ರಸ್ತೆ ಮುಚ್ಚಿದ್ದರೆ, ಬಸ್ಸು ಕೆಟ್ಟಿದ್ದರೆ ನಾನು ಈ ಪತ್ರ ಬರೆಯುತ್ತಲೇ ಇರಲಿಲ್ಲ. ಸೀರೆ ಅಂಗಡಿಯಲ್ಲಿ ಎರಡೂವರೆ ಗಂಟೆ ಕೂರಿಸಿದ್ದು ಅನಿವಾರ್ಯವಲ್ಲ, ಅದು ತಮ್ಮವರೇ ಮಾಡಿಕೊಂಡ ಆಯ್ಕೆ. ಹಣ ಪಡೆದು ಒಪ್ಪಿಕೊಂಡ ಸೇವೆಯನ್ನು ಹೀಗೆ ಕಡಿತಗೊಳಿಸುವುದನ್ನು ಗ್ರಾಹಕ ಸಂರಕ್ಷಣಾ ಕಾಯ್ದೆ 2019 ಸೇವಾ ನ್ಯೂನತೆ ಎಂದೇ ಕರೆಯುತ್ತದೆ.

ಆದ್ದರಿಂದ ಬಾಗಿಲಲ್ಲಿ ಹೆಚ್ಚುವರಿಯಾಗಿ ಪಡೆದ 1,500 ರೂಪಾಯಿಯನ್ನೂ, ನಾಲ್ಕು ದಿನಗಳ ಶುಲ್ಕದಲ್ಲಿ ಒಂದು ದಿನದ ಪಾಲಾದ 4,900 ರೂಪಾಯಿಯನ್ನೂ ಸೇರಿಸಿ ಒಟ್ಟು 6,400 ರೂಪಾಯಿಯನ್ನು ಈ ಪತ್ರ ತಲುಪಿದ ಹದಿನೈದು ದಿನಗಳೊಳಗೆ ನಮ್ಮ ಖಾತೆಗೆ ಹಿಂದಿರುಗಿಸಬೇಕು. ಜೊತೆಗೆ, ಅಂಗಡಿಗಳ ಮುಂದೆ ಬಸ್ಸು ನಿಲ್ಲಿಸುವುದು ತಮ್ಮ ರೂಢಿಯೇ ಆಗಿದ್ದರೆ ಅದನ್ನು ಕರಪತ್ರದಲ್ಲಿ ವೇಳೆಯ ಸಮೇತ ಅಚ್ಚು ಹಾಕಿಸಬೇಕು. ಹೋಗುವವರು ತಿಳಿದೇ ಹೋಗಲಿ. ಉತ್ತರ ಬಾರದಿದ್ದಲ್ಲಿ ತುಮಕೂರು ಜಿಲ್ಲಾ ಗ್ರಾಹಕರ ವ್ಯಾಜ್ಯ ಪರಿಹಾರ ಆಯೋಗದಲ್ಲಿ ದೂರು ದಾಖಲಿಸುತ್ತೇನೆ. ಪ್ರಸಂಗ ನಡೆದದ್ದು ಚೆನ್ನೈಯಲ್ಲಾದರೂ ದೂರುದಾರರು ವಾಸವಿರುವ ಜಿಲ್ಲೆಯಲ್ಲೇ ದೂರು ಸಲ್ಲಿಸಲು 2019ರ ಕಾಯ್ದೆ ಅವಕಾಶ ಕೊಟ್ಟಿದೆಯೆಂಬುದನ್ನೂ, ಇಷ್ಟು ಸಣ್ಣ ಮೊತ್ತದ ದೂರಿಗೆ ಶುಲ್ಕವಿಲ್ಲವೆಂಬುದನ್ನೂ ತಮ್ಮ ಗಮನಕ್ಕೆ ತರುತ್ತಿದ್ದೇನೆ.

ಕರಪತ್ರ, ಹಣ ಪಾವತಿಯ ರಸೀದಿ, 2.50ರ ನಂತರ ಪಡೆದ ಸುರಂಗದ ಎರಡು ಚೀಟಿಗಳು ಮತ್ತು ಸೀರೆ ಅಂಗಡಿಯ ಮುಂದೆ ನಿಂತ ಬಸ್ಸಿನ, ಸಮಯ ನಮೂದಾಗಿರುವ ಎರಡು ಚಿತ್ರಗಳ ಪ್ರತಿಗಳನ್ನು ಲಗತ್ತಿಸಿದ್ದೇನೆ. ಮೂಲ ಪ್ರತಿಗಳು ನನ್ನ ಬಳಿಯೇ ಇವೆ.

ಇಂತಿ,
ತಮ್ಮ ಗ್ರಾಹಕ,
(ಸಹಿ)
ತುಮಕೂರು