ಎಂಟನೆಯ ತಿಂಗಳಿನಲ್ಲಿಯೂ ನಿಲ್ಲದ ವಾಂತಿ: ಸೋದರಸೊಸೆಗೆ ಒಂದು ಪತ್ರ

ಚಿ. ಸೌ. ಶ್ರೀವಿದ್ಯಾಳಿಗೆ,

ಶಿರಸಿಯಿಂದ ನಿನ್ನ ಸೋದರತ್ತೆ ಮಾಡುವ ಅನೇಕ ಆಶೀರ್ವಾದಗಳು. ಇಲ್ಲಿ ನಾವೆಲ್ಲರೂ ಕ್ಷೇಮ.

ಏಳು ತಿಂಗಳು ತುಂಬಿದರೂ ನಿನಗೆ ವಾಂತಿ ನಿಂತಿಲ್ಲವೆಂದೂ, ಈಚೆಗೆ ಮತ್ತೆ ಹೆಚ್ಚಾಗಿದೆಯೆಂದೂ, ಯಾರಾದರೂ ವಿಚಾರಿಸಿದರೆ "ಬಸುರಿಯರಿಗೆ ಇದೆಲ್ಲ ಇದ್ದದ್ದೇ" ಎಂದು ನೀನೇ ಮಾತು ಮುಗಿಸಿಬಿಡುತ್ತೀಯೆಂದೂ ಅತ್ತಿಗೆ ಫೋನಿನಲ್ಲಿ ಹೇಳಿದರು. ನಿವೃತ್ತಿಯಾಗುವ ತನಕ ಹೆರಿಗೆ ವಾರ್ಡಿನಲ್ಲಿಯೇ ನರ್ಸಾಗಿ ದುಡಿದ ನನಗೆ ಆ ಮಾತು ಕೇಳಿ ಸಮಾಧಾನವಾಗಲಿಲ್ಲ. ಮೊದಲ ತಿಂಗಳುಗಳ ವಾಕರಿಕೆ ಹೆಚ್ಚಿನವರಿಗೆ ನಾಲ್ಕೈದು ತಿಂಗಳು ಕಳೆಯುವಷ್ಟರಲ್ಲಿ ಇಳಿಯುತ್ತದೆ. ಎಂಟನೆಯ ತಿಂಗಳಿನಲ್ಲಿ ಉಂಡದ್ದು ಹೊಟ್ಟೆಯಲ್ಲಿ ನಿಲ್ಲದಿರುವುದು ಎಲ್ಲರಿಗೂ ಇದ್ದದ್ದಲ್ಲ. ಅದನ್ನು ಹಲ್ಲುಕಚ್ಚಿ ಸಹಿಸುವುದರಿಂದ ನಿನಗಾಗಲಿ ಮಗುವಿಗಾಗಲಿ ಯಾವ ಒಳಿತೂ ಇಲ್ಲ.

ನಿನ್ನ ಮನಸ್ಸಿನ ಗಟ್ಟಿತನಕ್ಕೂ ಈ ಕಾಯಿಲೆಗೂ ಸಂಬಂಧವಿಲ್ಲವೆಂಬುದನ್ನು ಮೊದಲು ತಿಳಿದುಕೋ. ಮಾಸು ಮತ್ತು ಗರ್ಭದಿಂದ ತಾಯಿಯ ರಕ್ತಕ್ಕೆ ಸೇರುವ ಜಿಡಿಎಫ್15 ಎಂಬ ಹಾರ್ಮೋನು ಮೆದುಳಿನಲ್ಲಿ ವಾಕರಿಕೆಯನ್ನು ಎಬ್ಬಿಸುತ್ತದೆಯೆಂದೂ, ಬಸುರಿಗೆ ಮುಂಚೆ ಯಾರ ಮೈಯಲ್ಲಿ ಅದು ಕಡಿಮೆಯಿರುತ್ತದೆಯೋ ಅವರನ್ನು ಅದು ಹೆಚ್ಚು ಬಾಧಿಸುತ್ತದೆಯೆಂದೂ ಕೇಂಬ್ರಿಜಿನ ಸ್ಟೀಫನ್ ಓರಾಹಿಲಿ, ಅಮೆರಿಕದ ಮಾರ್ಲೀನಾ ಫೇಜೊ ಮತ್ತು ಅವರ ಸಂಗಡಿಗರು 2023ರ ಡಿಸೆಂಬರಿನಲ್ಲಿ ನೇಚರ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಫೇಜೊ ಅವರು ತಾವೇ ಈ ಕಾಯಿಲೆಯಲ್ಲಿ ನರಳಿದವರು. ಆಗ ಅವರ ಮಾತನ್ನು ವೈದ್ಯರೇ ನಂಬಿರಲಿಲ್ಲ. ಆದ್ದರಿಂದ ನಿನ್ನನ್ನು ನಾಜೂಕಿನವಳೆಂದು ಯಾರಾದರೂ ಅಂದರೆ ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡ.

ಇನ್ನು ನಾನು ಮುಖ್ಯವಾಗಿ ಹೇಳಬೇಕೆಂದಿರುವ ಮಾತು. ಮೊದಲಿನಿಂದ ಇದ್ದ ವಾಂತಿ ಹಾಗೆಯೇ ಮುಂದುವರಿಯುವುದು ಒಂದು ಬಗೆ. ನಿಂತಿದ್ದದ್ದು ಐದು ತಿಂಗಳಾದ ಮೇಲೆ ಹೊಸದಾಗಿ ಶುರುವಾಗುವುದು ಅಥವಾ ಇದ್ದಕ್ಕಿದ್ದಂತೆ ಜೋರಾಗುವುದು ಬೇರೆಯೇ ಬಗೆ. ಎರಡನೆಯದನ್ನು ಕಾರಣ ಹುಡುಕದೆ ಬಿಡಬಾರದು. ನಿನಗೆ ಈಚೆಗೆ ಹೆಚ್ಚಾಗಿದೆಯೆಂದು ಕೇಳಿದ್ದರಿಂದಲೇ ನಾನು ಇಷ್ಟು ಒತ್ತಿ ಬರೆಯುತ್ತಿದ್ದೇನೆ. ರಕ್ತದೊತ್ತಡ 140/90 ಮುಟ್ಟಿದ್ದರೆ ಅಥವಾ ಅದನ್ನು ಮೀರಿದ್ದರೆ, ಮೂತ್ರದಲ್ಲಿ ಆಲ್ಬುಮಿನ್ ಎಂಬ ಪ್ರೋಟೀನು ಹೋಗುತ್ತಿದ್ದರೆ, ಬಿಡದ ತಲೆನೋವು, ಕಣ್ಣು ಮಂಜಾಗುವುದು, ಮುಖ ಮತ್ತು ಕೈ ಊದಿಕೊಳ್ಳುವುದು ಇವುಗಳಲ್ಲಿ ಯಾವುದಾದರೂ ವಾಂತಿಯ ಜೊತೆಗಿದ್ದರೆ ಅದು ಪ್ರಿಎಕ್ಲಾಂಪ್ಸಿಯಾ, ಅಂದರೆ ಬಸುರಿನಲ್ಲಿ ಬಿಪಿ ಏರಿ ತಾಯಿಗೂ ಮಗುವಿಗೂ ಅಪಾಯ ತರುವ ಕಾಯಿಲೆ, ಇರಬಹುದು. ಬಲಗಡೆಯ ಪಕ್ಕೆಲುಬಿನ ಕೆಳಗೆ ಅಥವಾ ಎದೆಯ ಕೆಳಗೆ ಹೊಟ್ಟೆಯ ಮೇಲ್ಭಾಗದಲ್ಲಿ ಹಿಡಿದುಕೊಂಡಂತಾಗುವ ನೋವನ್ನು ನಮ್ಮವರು "ಗ್ಯಾಸ್ಟ್ರಿಕ್" ಎಂದು ಓಮದ ನೀರು ಕುಡಿಸಿ ಮಲಗಿಸಿಬಿಡುತ್ತಾರೆ. ಹಾಗೆ ಮನೆಯಲ್ಲಿಯೇ ಉಳಿದು, ಬಿಪಿ ಮಿತಿಮೀರಿದ ಮೇಲೆ ವಾರ್ಡಿಗೆ ಬಂದವರನ್ನು ನಾನು ಕಂಡಿದ್ದೇನೆ. ಆ ನೋವು ಯಕೃತ್ತಿನದ್ದಾಗಿರಬಹುದು. ಅದನ್ನು ತಿಳಿಯಲು ರಕ್ತಪರೀಕ್ಷೆಯಲ್ಲದೆ ಬೇರೆ ದಾರಿಯಿಲ್ಲ.

ಕಣ್ಣು ಹಳದಿಯಾದರೆ, ರಾತ್ರಿಯ ಹೊತ್ತು ಅಂಗೈ ಅಂಗಾಲು ತುರಿಸತೊಡಗಿದರೆ, ಚಳಿಜ್ವರದೊಂದಿಗೆ ಸೊಂಟದ ಮೇಲ್ಭಾಗ ನೋಯುತ್ತಿದ್ದರೆ, ಹೊಟ್ಟೆ ಬಿಟ್ಟುಬಿಟ್ಟು ಬಿಗಿಯುತ್ತಿದ್ದರೆ, ವಾಂತಿಯಲ್ಲಿ ರಕ್ತ ಕಂಡರೆ, ಎಲ್ಲಕ್ಕಿಂತ ಹೆಚ್ಚಾಗಿ ಮಗುವಿನ ಚಲನೆ ಎಂದಿನಂತಿಲ್ಲವೆಂದು ನಿನಗೆ ಅನ್ನಿಸಿದರೆ, ಬೆಳಗಾಗಲೆಂದು ಕಾಯಬೇಡ. ಗಂಡ ಊರಿನಲ್ಲಿಲ್ಲದಿದ್ದರೆ 108ಕ್ಕೆ ಕರೆಮಾಡು. ನಮ್ಮ ದೇಶದಲ್ಲಿ ಕೊಳೆನೀರಿನಿಂದ ಹರಡುವ ಹೆಪಟೈಟಿಸ್ ಇ ಎಂಬ ಕಾಮಾಲೆ ಕೊನೆಯ ತಿಂಗಳುಗಳ ಗರ್ಭಿಣಿಯರಿಗೆ ಬಹಳ ಅಪಾಯಕಾರಿಯಾದದ್ದು. ಆದ್ದರಿಂದ ಕುದಿಸಿ ಆರಿಸಿದ ನೀರನ್ನಲ್ಲದೆ ಬೇರೆ ನೀರನ್ನು ಕುಡಿಯಲೇಬೇಡ.

ಇವೆಲ್ಲ ಇಲ್ಲವೆಂದು ಪರೀಕ್ಷೆಯಲ್ಲಿ ಖಚಿತವಾದ ಮೇಲೆ ಉಳಿಯುವ ಕಾರಣಗಳು ಅಷ್ಟು ಭಯಪಡುವಂಥವಲ್ಲ. ಬೆಳೆದ ಗರ್ಭ ಜಠರವನ್ನು ಮೇಲಕ್ಕೆ ಒತ್ತುತ್ತದೆ. ಪ್ರೊಜೆಸ್ಟರೋನ್ ಹಾರ್ಮೋನು ಅನ್ನನಾಳದ ಕೆಳಗಿನ ಬಿಗಿಯನ್ನು ಸಡಿಲಿಸುವುದರಿಂದ ಹುಳಿನೀರು ಗಂಟಲಿಗೆ ಏರಿಬರುತ್ತದೆ. ದಿನವೂ ನುಂಗುವ ಕಬ್ಬಿಣದ ಮಾತ್ರೆಯೂ ಹೊಟ್ಟೆ ತೊಳಸುವಂತೆ ಮಾಡುತ್ತದೆ. ಹಾಗೆಂದು ಅದನ್ನು ಯಾರಿಗೂ ಹೇಳದೆ ಬಿಡಬೇಡ. ರಾತ್ರಿ ಊಟವಾದ ಮೇಲೆ ತೆಗೆದುಕೊಂಡು ನೋಡು. ಆಗಲೂ ನಿಲ್ಲದಿದ್ದರೆ ಬೇರೆ ಬಗೆಯ ಮಾತ್ರೆ ಅಥವಾ ರಕ್ತನಾಳದ ಮೂಲಕ ಕೊಡುವ ಕಬ್ಬಿಣದ ಚುಚ್ಚುಮದ್ದು ಸಾಧ್ಯವೇ ಎಂದು ವೈದ್ಯರನ್ನು ಕೇಳು. ಚಹಾ, ಕಾಫಿ, ಆಸಿಡಿಟಿಯ ಮದ್ದು ಇವು ಕಬ್ಬಿಣದ ಮಾತ್ರೆಯಿಂದ ಎರಡು ತಾಸಾದರೂ ದೂರವಿರಲಿ.

ಊಟದ ವಿಚಾರದಲ್ಲಿ "ಎರಡು ಜೀವಕ್ಕೆ ಉಣ್ಣು" ಎಂಬ ಒತ್ತಾಯಕ್ಕೆ ಮಣಿಯಬೇಡ. ತಟ್ಟೆ ತುಂಬ ಬಡಿಸಿಕೊಂಡು ಕೂರುವುದನ್ನು ಬಿಟ್ಟು ಎರಡು ತಾಸಿಗೊಮ್ಮೆ ನಾಲ್ಕು ತುತ್ತು ತಿನ್ನು. ಬೆಳಿಗ್ಗೆ ಏಳುವ ಮೊದಲೇ ಹಾಸಿಗೆಯಲ್ಲಿ ಕುಳಿತು ಒಂದು ಹಿಡಿ ಭತ್ತದ ಅರಳನ್ನೋ ಮಂಡಕ್ಕಿಯನ್ನೋ ನಿಧಾನವಾಗಿ ಅಗಿದು, ಸ್ವಲ್ಪ ಹೊತ್ತು ಬಿಟ್ಟು ಎದ್ದೇಳು. ಬಿಸಿ ಅಡುಗೆಗಿಂತ ಆರಿದ ಅಡುಗೆಗೆ ವಾಸನೆ ಕಡಿಮೆ. ತಣ್ಣನೆಯ ಮೊಸರವಲಕ್ಕಿ, ಉಪ್ಪು ಹಾಕಿದ ತೆಳು ಗಂಜಿ, ರಾಗಿ ಅಂಬಲಿ ನಿನ್ನ ಹೊಟ್ಟೆಗೆ ಒಗ್ಗಬಹುದು. ನಮ್ಮ ಕಡೆಯ ತಂಬುಳಿಯನ್ನು ನಾನು ಎಲ್ಲಕ್ಕಿಂತ ಮೇಲೆಂದು ಹೇಳುತ್ತೇನೆ: ಒಂದು ಚೂರು ಶುಂಠಿಯನ್ನು ತುಪ್ಪದಲ್ಲಿ ಬಾಡಿಸಿ, ಜೀರಿಗೆ ಮತ್ತು ಕಾಯಿತುರಿಯೊಡನೆ ನುಣ್ಣಗೆ ರುಬ್ಬಿ, ಹುಳಿಯಿಲ್ಲದ ಮಜ್ಜಿಗೆಗೆ ಬೆರೆಸಿದರೆ ಮುಗಿಯಿತು. ಇಂಗು, ಸಾಸಿವೆಯ ಒಗ್ಗರಣೆ ಬೇಡ. ಆ ಘಾಟಿಗೇ ನಿನಗೆ ಹೊಟ್ಟೆ ಮಗುಚಿಬರುತ್ತದೆ. ತುಪ್ಪ ಕಾಯಿಸುವಾಗ ನೀನು ಅಡುಗೆಮನೆಯಲ್ಲಿ ಇರಬಾರದು, ಆ ಕೆಲಸವನ್ನು ಅಳಿಯಂದಿರು ಮಾಡಲಿ. ಮೊದಲ ತಿಂಗಳುಗಳಲ್ಲಿ ನೀನು ಆಸೆಪಟ್ಟು ಉಂಡ ಅಪ್ಪೆಹುಳಿ ಮತ್ತು ಮುರುಗಲು ಪಾನಕ ಈಗ ಎದೆಯುರಿ ಹೆಚ್ಚಿಸುವುದಾದರೆ ಸದ್ಯಕ್ಕೆ ಬಿಡು. ರಾತ್ರಿ ಊಟಕ್ಕೂ ಮಲಗುವುದಕ್ಕೂ ಎರಡು ಮೂರು ತಾಸು ಅಂತರವಿರಲಿ. ತಲೆಯ ಕಡೆ ಎತ್ತರಿಸಿಕೊಂಡು ಎಡ ಮಗ್ಗುಲಿಗೆ ಮಲಗು. ವಾಂತಿಯಾದ ಕೂಡಲೇ ಹಲ್ಲುಜ್ಜಿದರೆ ಹುಳಿ ತಾಗಿದ ಹಲ್ಲು ಸವೆಯುತ್ತದೆ. ಮೊದಲು ಬಾಯಿ ಮುಕ್ಕಳಿಸಿ, ಅರ್ಧ ತಾಸು ಕಳೆದ ಮೇಲೆ ಉಜ್ಜು.

ಅನ್ನ ಒಂದು ದಿನ ತಪ್ಪಿದರೆ ನಡೆದೀತು, ನೀರು ತಪ್ಪಬಾರದು. ಲೋಟ ಎತ್ತಿ ಗಟಗಟ ಕುಡಿದರೆ ಮರುಕ್ಷಣವೇ ಹೊರಬರುತ್ತದೆ. ಚಮಚದಲ್ಲಿ, ಗುಟುಕು ಗುಟುಕಾಗಿ ಕುಡಿ. ಓಆರ್‌ಎಸ್ ತರಿಸುವಾಗ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರವೆಂದು ಬರೆದಿರುವ, ಒಂದು ಲೀಟರ್ ನೀರಿಗೆ ಬೆರೆಸುವ 20.5 ಗ್ರಾಮಿನ ಪೊಟ್ಟಣವನ್ನೇ ಕೇಳು. ಸಿಹಿಯಾದ ಡಬ್ಬಿ ಪಾನೀಯಗಳು ಅದಕ್ಕೆ ಸಮನಲ್ಲ. ನಿನಗೆ ಸಕ್ಕರೆ ಅಂಶ ಹೆಚ್ಚಿದೆಯೆಂದು ಹೇಳಿದ್ದರೆ ಇದನ್ನೂ ವೈದ್ಯರನ್ನು ಕೇಳಿಯೇ ಕುಡಿ. ಮೂತ್ರ ಗಾಢ ಬಣ್ಣಕ್ಕೆ ತಿರುಗಿದರೆ, ಎಂಟು ತಾಸಾದರೂ ಮೂತ್ರ ಬರದಿದ್ದರೆ, ಎದ್ದು ನಿಂತಾಗ ಕಣ್ಣು ಕತ್ತಲೆ ಬಂದರೆ, ಒಂದು ಇಡೀ ದಿನ ನೀರೂ ನಿಲ್ಲದಿದ್ದರೆ ಆಸ್ಪತ್ರೆಗೆ ಹೋಗಿ ಡ್ರಿಪ್ ಹಾಕಿಸಿಕೊಳ್ಳಬೇಕು. ನಮ್ಮ ಜನ ಎಲ್ಲ ಡ್ರಿಪ್ಪನ್ನೂ ಗ್ಲೂಕೋಸ್ ಎಂದೇ ಕರೆಯುತ್ತಾರೆ. ಆದರೆ ವಾರಗಟ್ಟಲೆ ವಾಂತಿ ಮಾಡಿದವಳಿಗೆ ಥಯಮಿನ್ ಎಂಬ ಬಿ1 ಜೀವಸತ್ವ ಕೊಡದೆ ಗ್ಲೂಕೋಸ್ ಏರಿಸಿದರೆ ಮೆದುಳಿಗೆ ಪೆಟ್ಟಾಗುವ ಸಂಭವವಿದೆ. "ಎಷ್ಟೋ ವಾರದಿಂದ ಸರಿಯಾಗಿ ಊಟವಿಲ್ಲ, ಥಯಮಿನ್ ಕೊಡುತ್ತೀರಾ?" ಎಂದು ಸಂಕೋಚವಿಲ್ಲದೆ ಕೇಳು. ಕೇಳಿದ್ದಕ್ಕೆ ಒಳ್ಳೆಯ ವೈದ್ಯರು ಬೇಸರಿಸುವುದಿಲ್ಲ.

ಮಾತ್ರೆಯೆಂದರೆ ಮಗುವಿಗೆ ಕೇಡು ಎಂಬ ಹೆದರಿಕೆ ನಿನಗಿದೆಯೆಂದು ಅತ್ತಿಗೆ ಹೇಳಿದರು. ಡಾಕ್ಸಿಲಮೈನ್ ಮತ್ತು ಪಿರಿಡಾಕ್ಸಿನ್ ಸೇರಿದ ಮಾತ್ರೆಯನ್ನು ಗರ್ಭಿಣಿಯರಿಗೆ ದಶಕಗಳಿಂದ ಕೊಡುತ್ತ ಬಂದಿದ್ದಾರೆ. ಅದು ಸಾಲದಾದರೆ ಮೆಟಾಕ್ಲೋಪ್ರಮೈಡ್, ಒಂಡಾನ್‌ಸೆಟ್ರಾನ್ ಇವೆ. ಕೊನೆಯದು ಮಲಬದ್ಧತೆ ತರುತ್ತದೆಯೆಂಬುದು ನೆನಪಿರಲಿ. ನಿನಗೆ ಯಾವುದು, ಎಷ್ಟು ಎಂಬುದನ್ನು ನಿನ್ನ ವೈದ್ಯರು ಬರೆದುಕೊಡಬೇಕೇ ಹೊರತು ಅಂಗಡಿಯವನಲ್ಲ, ನಾನೂ ಅಲ್ಲ. ಹೆಸರು ತಿಳಿಯದ ಕಷಾಯವನ್ನು ಯಾರೇ ಪ್ರೀತಿಯಿಂದ ತಂದುಕೊಟ್ಟರೂ ಕುಡಿಯಬೇಡ. ತಲೆನೋವಿಗೆಂದು ಐಬುಪ್ರೊಫೆನ್, ಡೈಕ್ಲೊಫೆನಾಕ್ ನುಂಗಬೇಡ.

ಸೀಮಂತದ ಬಗ್ಗೆಯೂ ಒಂದು ಮಾತು. ಹೋಮದ ಹೊಗೆ, ದಿಂಡುಗಟ್ಟಲೆ ಮಲ್ಲಿಗೆ, ಕರಿದ ತಿಂಡಿಯ ವಾಸನೆ, ರೇಷ್ಮೆ ಸೀರೆಯುಟ್ಟು ತಾಸುಗಟ್ಟಲೆ ಕೂರುವುದು ಈ ಸ್ಥಿತಿಯಲ್ಲಿ ನಿನ್ನಿಂದಾಗದು. ಸಂಕಲ್ಪ, ಹಸಿರು ಬಳೆ, ಆರತಿ ಇಷ್ಟಕ್ಕೆ ಮುಗಿಸಿರೆಂದು ನಿನ್ನ ಅತ್ತೆಯವರಿಗೆ ನಾನೇ ಫೋನ್ ಮಾಡಿ ಹೇಳುತ್ತೇನೆ. ಆ ನಿಷ್ಠುರ ನನ್ನ ತಲೆಗಿರಲಿ. ಕಚೇರಿಗೂ ಹಟ ಹಿಡಿದು ಹೋಗಬೇಡ. ಮೊದಲ ಹೆರಿಗೆಗೆ ಕಾನೂನು ಕೊಡುವ 26 ವಾರಗಳ ರಜೆಯಲ್ಲಿ 8 ವಾರಗಳನ್ನು ಹೆರಿಗೆಗೆ ಮುಂಚೆಯೇ ತೆಗೆದುಕೊಳ್ಳಬಹುದು. ಬಸುರಿನಿಂದಲೇ ಬಂದ ಅನಾರೋಗ್ಯಕ್ಕೆ ವೈದ್ಯರ ಪ್ರಮಾಣಪತ್ರವಿದ್ದರೆ ಅದರ ಮೇಲೆ ಒಂದು ತಿಂಗಳವರೆಗೆ ಸಂಬಳಸಹಿತ ರಜೆಗೂ ಅವಕಾಶವಿದೆ.

ತಿಂಗಳುಗಟ್ಟಲೆ ಬಚ್ಚಲಿನ ಗೋಡೆ ಹಿಡಿದು ನಿಂತವಳಿಗೆ "ಈ ಬಸುರಾದರೂ ಏಕೆ ಬೇಕಿತ್ತು" ಎಂಬ ಯೋಚನೆ ಬಂದರೆ ಅದು ಪಾಪವಲ್ಲ, ಮಗುವಿನ ಮೇಲೆ ಪ್ರೀತಿಯಿಲ್ಲವೆಂದೂ ಅರ್ಥವಲ್ಲ. ವಾರ್ಡಿನಲ್ಲಿ ಎಷ್ಟೋ ಹೆಣ್ಣುಮಕ್ಕಳು ಅದನ್ನು ನನ್ನ ಕಿವಿಯಲ್ಲಿ ಹೇಳಿ ಅತ್ತಿದ್ದಾರೆ. ಅಂಥ ಯೋಚನೆ ಬಿಡದೆ ಕಾಡಿದರೆ ವೈದ್ಯರಿಗೆ ಹೇಳು. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಿಯಾದರೂ ಕರೆಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು.

ಈ ಪತ್ರ ಓದಿದ ದಿನವೇ ಆಸ್ಪತ್ರೆಗೆ ಹೋಗು, ತಿಂಗಳ ತಪಾಸಣೆಯ ತನಕ ಕಾಯಬೇಡ. ತಾಯಿ ಕಾರ್ಡನ್ನೂ ಹಳೆಯ ವರದಿಗಳನ್ನೂ ತೆಗೆದುಕೊಂಡು ಹೋಗಿ ತೂಕ, ಬಿಪಿ, ಮೂತ್ರದ ಆಲ್ಬುಮಿನ್ ಮತ್ತು ಕೀಟೋನ್ (ಹೊಟ್ಟೆಗೆ ಊಟ ಸಾಲದಾಗ ಮೂತ್ರದಲ್ಲಿ ಕಾಣುವ ಅಂಶ), ಯಕೃತ್ತಿನ ಪರೀಕ್ಷೆ, ಪ್ಲೇಟ್‌ಲೆಟ್ ಇಷ್ಟನ್ನೂ ನೋಡಿಸು. ತೂಕ ಇಳಿದಿದ್ದರೆ ಮಗುವಿನ ಬೆಳವಣಿಗೆಯ ಸ್ಕ್ಯಾನ್ ಬೇಕೇ ಎಂದು ಕೇಳು. ವರದಿ ಕೈಗೆ ಬಂದ ಕೂಡಲೇ ಅದರ ಫೋಟೋ ತೆಗೆದು ನನಗೆ ವಾಟ್ಸಾಪ್‌ನಲ್ಲಿ ಕಳುಹಿಸು. ನಾನು ಬರುವ ವಾರವೇ ಬಸ್ಸು ಹತ್ತಲು ಸಿದ್ಧಳಿದ್ದೇನೆ. ನೀನು ಹೂಂ ಅಂದರೆ ಸಾಕು.

ಇಂತಿ ನಿನ್ನ ಪ್ರೀತಿಯ
ಸೋದರತ್ತೆ