ಡೋರ್ ಪ್ಯಾಡ್ ಬದಲಿಸುವ ಮೊದಲು ಒಂದು ಚೊಂಬು ನೀರು ಸುರಿದು ನೋಡಿ

ಸಂಪಾದಕರಿಗೆ ನಮಸ್ಕಾರ.

ನಮ್ಮ ಕಾರಿಗೆ 14 ವರ್ಷ. ಎಲ್ಲೂ ಗುದ್ದಿಲ್ಲ. ಆದರೂ ಕಳೆದ ವರ್ಷ ಕಕ್ಕಡದ (ನಮ್ಮ ಕೊಡಗಿನಲ್ಲಿ ಜುಲೈ–ಆಗಸ್ಟ್ ಹೊತ್ತಿನ ತಿಂಗಳು) ಮಳೆಯಲ್ಲಿ ಎಡಗಡೆ ಮುಂದಿನ ಬಾಗಿಲಿನ ಒಳಗಿನ ಪ್ಯಾಡ್ ಕೆಳಗಡೆ ಹಪ್ಪಳದ ಹಾಗೆ ಉಬ್ಬಿ, ಎರಡು ಕ್ಲಿಪ್ ತಾವಾಗಿಯೇ ಕಿತ್ತುಕೊಂಡವು. ಹೊರಗಿನ ತಗಡು ಮಾತ್ರ ನೆಟ್ಟಗೇ ಇತ್ತು. ಮಗ ಒದ್ದಿರಬೇಕು ಅಂತ ಅವನಿಗೆ ಸುಮ್ನೆ ಬೈದೆ. ಗ್ಯಾರೇಜಿನವರು ಹಳೇ ಗಾಡಿ, ಬಿಸಿಲಿಗೆ ಹೀಗಾಗುತ್ತದೆ ಎಂದು ಹೊಸ ಪ್ಯಾಡ್ ಹಾಕಿ ದುಡ್ಡು ತಗೊಂಡರು. ಈ ವರ್ಷ ಜುಲೈ ಮುಗಿಯುವುದರೊಳಗೆ ಅದೂ ಉಬ್ಬಿತು.

ಕಾರಣ ಹುಡುಕಿ ಕೊಟ್ಟವರು ವಿರಾಜಪೇಟೆಯಲ್ಲಿ ಟಿಂಕರಿಂಗ್ ಕೆಲಸ ಮಾಡುವ ಒಬ್ಬ ಹಿರಿಯರು. ಅವರು ಮೊದಲು ಸ್ಪ್ಯಾನರ್ ಮುಟ್ಟಲಿಲ್ಲ. ಬಾಗಿಲನ್ನು ಆಡಿಸಿ ಕಿವಿ ಕೊಟ್ಟರು, ಒಳಗೆ ಗುಳುಗುಳು ಸದ್ದು. ಗ್ಲಾಸಿನ ಮೇಲೆ ಒಂದು ಚೊಂಬು ನೀರು ಸುರಿದು ಬಾಗಿಲಿನ ಅಡಿಗೆ ಬಗ್ಗಿ ನೋಡಿದರು, ಒಂದು ಹನಿಯೂ ಹೊರಗೆ ಬರಲಿಲ್ಲ. ಗ್ಲಾಸಿನ ಬುಡದ ರಬ್ಬರ್ ಪಟ್ಟಿ (ಬೀಡಿಂಗ್) ದಾಟಿ ಸ್ವಲ್ಪ ನೀರು ಯಾವ ಕಾರಿನ ಬಾಗಿಲೊಳಗಾದರೂ ಇಳಿಯುತ್ತದೆ, ಅದು ಹರಿದು ಹೋಗಲಿ ಅಂತಲೇ ಅಡಿಯಲ್ಲಿ ಸಣ್ಣ ತೂತುಗಳಿರುತ್ತವೆ. ನಮ್ಮದರಲ್ಲಿ ತೋಟದ ಕೆಂಪು ಮಣ್ಣು, ಸಿಲ್ವರ್ ಓಕ್ ಎಲೆಯ ಪುಡಿ ಎಲ್ಲ ಸೇರಿ ಗಟ್ಟಿಯಾಗಿ ಕೂತಿತ್ತು. ಪೊರಕೆ ಕಡ್ಡಿ ಹಾಕಿ ಚುಚ್ಚಿದಾಗ ಕಂದು ನೀರು ಬಹಳ ಹೊತ್ತು ಸುರಿಯಿತು. ಸ್ಕ್ರೂಡ್ರೈವರ್ ಹಾಕಬೇಡಿ, ಪೇಂಟ್ ಕಿತ್ತರೆ ಅಲ್ಲಿಂದಲೇ ತುಕ್ಕು ಶುರು ಎಂದರು.

ಪ್ಯಾಡ್ ಬಿಚ್ಚಿದಾಗ ಇನ್ನೊಂದು ಕಂಡಿತು. ನೀರು ಪ್ಯಾಡಿಗೆ ತಾಗದಿರಲು ಹಿಂದೆ ಒಂದು ಪ್ಲಾಸ್ಟಿಕ್ ಶೀಟ್ ಅಂಟಿಸಿರುತ್ತಾರೆ. ಸ್ಪೀಕರ್ ಹಾಕಿದವರು ಅದನ್ನು ಹರಿದು ಹಾಗೇ ಬಿಟ್ಟಿದ್ದರು. ನಮ್ಮ ಗಾಡಿಯ ಪ್ಯಾಡಿನ ಒಳಗಿರುವುದು ಮರದ ನಾರಿನ ಹಾರ್ಡ್‌ಬೋರ್ಡ್. ನೀರು ಕುಡಿದರೆ ಅದು ಉಬ್ಬಲೇಬೇಕು ಅಲ್ವಾ? ಹೊಸ ಶೀಟ್ ಅಂಟಿಸಿದ ಮೇಲೆ ಈವರೆಗೆ ತೊಂದರೆಯಿಲ್ಲ. ಮಗನ ಹತ್ತಿರ ಅವತ್ತೇ ತಪ್ಪಾಯ್ತು ಅಂದೆ.

ಪ್ಯಾಡ್ ಹಾಳಾದರೆ ಬದಲಿಸಬಹುದು, ನನಗೆ ಜಾಸ್ತಿ ಭಯ ತಗಡಿನದ್ದು. ನೀರು ನಿಂತ ಕಡೆ ಒಳಗಿನಿಂದಲೇ ತುಕ್ಕು ಹಿಡಿಯುತ್ತದೆ. ಕಬ್ಬಿಣಕ್ಕಿಂತ ತುಕ್ಕಿಗೆ ಹೆಚ್ಚು ಜಾಗ ಬೇಕು, ಹಾಗಾಗಿ ಬಾಗಿಲಿನ ಕೆಳ ಅಂಚು ಗುಳ್ಳೆ ಗುಳ್ಳೆಯಾಗಿ ಉಬ್ಬುತ್ತದೆ. ಅದರ ಮೇಲೆ ಪುಟ್ಟಿ ಬಳಿದು ಪೇಂಟ್ ಹೊಡೆದರೆ ಮುಂದಿನ ಮಳೆಗೆ ಮತ್ತೆ ಏಳುತ್ತದೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಡಿ ಸರಿಯಾಗಿ ಒಣಗದ ಊರು ನಮ್ಮದು. ಇಲ್ಲಿನ ಗ್ಯಾರೇಜಿನವರಲ್ಲಿ ನನ್ನ ಕೇಳಿಕೆ ಇಷ್ಟೇ. ಮೇ ತಿಂಗಳ ಸರ್ವಿಸಿನಲ್ಲಿ ನಾಲ್ಕೂ ಬಾಗಿಲಿನ ತೂತು ನೋಡಿ, ಸ್ಪೀಕರ್ ಹಾಕುವಾಗ ಶೀಟ್ ಹರಿದರೆ ಹೊಸದು ಅಂಟಿಸಿ ಕೊಡಿ.

– ಒಬ್ಬ ಕಾಫಿ ಬೆಳೆಗಾರ, ನಾಪೋಕ್ಲು